ಹಳೇ ರ್ಯೋಕಾನ್, ಹಳೇ ಹಾಡುಗಾರ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ‘ನಿಹೊನ್ ಬೊರೊಯಾದೊ ಕಿಕೋ’ ಎಂಬ ಜಪಾನಿ ಧಾರಾವಾಹಿಯ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ಹಳೆಯದಾಗಿ ಸವೆದುಹೋದ ರ್ಯೋಕಾನ್‌ಗಳಲ್ಲಿ, ಅಂದರೆ ಜಪಾನಿ ಶೈಲಿಯ ವಸತಿಗೃಹಗಳಲ್ಲಿ ಉಳಿದುಕೊಳ್ಳುತ್ತಾ ಊರೂರು ಸುತ್ತುವ ಇಬ್ಬರ ಕಥೆ ಅದು. ಆ ಒಂದು ಪ್ಯಾರಾಗೆ ರಾಶಿ ಪತ್ರ ಬಂದಿವೆ. ಧಾರಾವಾಹಿ ಬಗ್ಗೆ ಕೇಳಿದವರಿಗಿಂತ ಆ ವಸತಿಗೃಹಗಳ ಬಗ್ಗೆ ಕೇಳಿದವರೇ ಜಾಸ್ತಿ. ನನಗೆ ಅದೇ ಖುಷಿ. ದುಭಾಷಿ ಕೆಲಸಕ್ಕೆಂದು ಜಪಾನಿನಲ್ಲಿ ಇದ್ದ ವರ್ಷಗಳಲ್ಲಿ ರಜೆ ಸಿಕ್ಕಾಗೆಲ್ಲ ಇಂಥ ಮನೆಗಳನ್ನೇ ಹುಡುಕಿಕೊಂಡು ಹೋಗುತ್ತಿದ್ದೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನೀವು ಬರೆದಿದ್ದು ಓದಿ ಮಗಳ ಹತ್ರ ಹಾಕಿಸಿಕೊಂಡು ಎರಡು ಕಂತು ನೋಡಿದೆ. ಏನೂ ನಡೆಯೋದೇ ಇಲ್ವಲ್ಲ? ಬರ್ತಾರೆ, ಹಾಡ್ತಾರೆ, ಉಣ್ತಾರೆ, ಮಲಗ್ತಾರೆ. ಇದರಲ್ಲಿ ನಿಮಗೆ ಅಷ್ಟು ಹಿಡಿಸಿದ್ದು ಏನು?
— ಗೃಹಿಣಿ, ಶಿವಮೊಗ್ಗ

ಉತ್ತರ: ನೀವು ನೋಡಿದ್ದು ಸರಿಯಾಗೇ ಇದೆ. ದೊಡ್ಡ ತಿರುವು ಏನೂ ಇಲ್ಲ. 2019ರ ಆರಂಭದಲ್ಲಿ ಟಿವಿ ಟೋಕಿಯೊ ವಾಹಿನಿಯಲ್ಲಿ ತಡರಾತ್ರಿ ಪ್ರಸಾರವಾದ 12 ಕಂತುಗಳ ಚಿಕ್ಕ ಧಾರಾವಾಹಿ ಇದು. ಆ ಹೊತ್ತಿಗೆ ಟಿವಿ ಮುಂದೆ ಕೂರುವವರು ಕೆಲಸ ಮುಗಿಸಿ, ಸುಸ್ತಾಗಿ, ಒಬ್ಬರೇ ಇರುವವರು. ಅವರಿಗೆ ಕೊಲೆ, ಕಣ್ಣೀರು ಬೇಡ. ಅವರ ಜೊತೆ ಒಂದಷ್ಟು ಹೊತ್ತು ಯಾರಾದರೂ ಕೂತರೆ ಸಾಕು.

ಕಥೆ ಇಷ್ಟು. ಹರುಕೊ ಎಂಬ ಹುಡುಗಿಯ ತಂದೆ ಕಲಾವಿದರನ್ನು ನೋಡಿಕೊಳ್ಳುವ ಒಂದು ಪುಟ್ಟ ಸಂಸ್ಥೆ ನಡೆಸುತ್ತಿದ್ದರು. ಅವರು ದಿಢೀರನೆ ತೀರಿಕೊಳ್ಳುತ್ತಾರೆ. ಸಂಸ್ಥೆ ಮಗಳ ತಲೆ ಮೇಲೆ ಬರುತ್ತದೆ. ಕಲಾವಿದರೆಲ್ಲ ಬಿಟ್ಟುಹೋಗುತ್ತಾರೆ. ಉಳಿಯುವುದು ಒಬ್ಬನೇ, ಸಕುರಾಬ ರ್ಯೂಜಿ ಎಂಬ ನಡುವಯಸ್ಸಿನ ಹಾಡುಗಾರ. ಬಹಳ ಹಿಂದೆ ಅವನ ಒಂದೇ ಒಂದು ಹಾಡು ಜನಪ್ರಿಯವಾಗಿತ್ತು. ಆಮೇಲೆ ಏನೂ ಇಲ್ಲ. ಆ ಹಾಡಿನ ಸಿಡಿಗಳು ಮಾರಾಟವಾಗದೆ ಪೆಟ್ಟಿಗೆಗಟ್ಟಲೆ ಬಿದ್ದಿವೆ. ಅವನ್ನು ಕೈಯಾರೆ ಮಾರಲು ಇಬ್ಬರೂ ಹೊರಡುತ್ತಾರೆ. ರಾತ್ರಿ ಉಳಿಯುವುದು ಹಳೇ ವಸತಿಗೃಹಗಳಲ್ಲಿ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಇಂಥ ಪ್ರಯಾಣಕ್ಕೆ ಹೋಗುತ್ತಿದ್ದ ಹರುಕೊಗೆ ಅವೆಂದರೆ ಪ್ರಾಣ. ಹಾಡುಗಾರ ಗೊಣಗುತ್ತಾನೆ. ಅವಳು ಒಳಗೆ ಕಾಲಿಟ್ಟ ಕೂಡಲೇ ಕಣ್ಣರಳಿಸಿ ಮೆಟ್ಟಿಲು, ಕಿಟಕಿ, ಮೇಲ್ಛಾವಣಿ ನೋಡುತ್ತಾ ನಿಲ್ಲುತ್ತಾಳೆ.

ನನಗೆ ಹಿಡಿಸಿದ್ದು ಇದು. ಇಲ್ಲಿ ಹಾಡುಗಾರನದ್ದೂ ಕಾಲ ಮುಗಿದಿದೆ, ವಸತಿಗೃಹದ್ದೂ ಮುಗಿದಿದೆ ಅಂತ ಊರೆಲ್ಲ ಅಂದುಕೊಂಡಿದೆ. ಆದರೆ ಅವನು ಸಂಜೆ ಮೈಕ್ ಹಿಡಿದು ಹಾಡುತ್ತಾನೆ. ಆ ಮನೆಯವರು ಸಂಜೆ ಸ್ನಾನದ ನೀರು ಬಿಸಿ ಮಾಡಿ, ಅನ್ನಕ್ಕಿಟ್ಟು, ಬಾಗಿಲು ತೆಗೆದಿಡುತ್ತಾರೆ. ಅಯ್ಯೋ ಪಾಪ ಅಂತ ಧಾರಾವಾಹಿ ಎಲ್ಲೂ ಮರುಗುವುದಿಲ್ಲ. ಗಿರಾಕಿಯಾಗಿ ಹೋಗುತ್ತದೆ, ದುಡ್ಡು ಕೊಡುತ್ತದೆ, ಉಂಡು ಮಲಗುತ್ತದೆ. ಹಳೆಯದನ್ನು ಪ್ರೀತಿಸುವ ರೀತಿ ಇದೇ ಅಂತ ನನಗೆ ಅನಿಸುತ್ತದೆ. ಇನ್ನೊಂದೆರಡು ಕಂತು ನೋಡಿ. ಮಲಗುವ ಮುಂಚೆ, ಲೈಟ್ ಆರಿಸಿಕೊಂಡು ನೋಡಿ.

ಪ್ರಶ್ನೆ: ಅಕ್ಕಾ, ಅದರಲ್ಲಿ ತೋರಿಸೋ ಮನೆಗಳು ನಿಜವಾದವೋ, ಸೆಟ್ಟೋ? ಹಾಡುಗಾರ ನಿಜಕ್ಕೂ ಹಾಡ್ತಾನಾ?
— ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಜವಾದವು ತಂಗಿ. ವ್ಯಾಪಾರ ನಡೆಸುತ್ತಿರುವ ವಸತಿಗೃಹಗಳಲ್ಲೇ ಚಿತ್ರೀಕರಣ ಮಾಡಿದ್ದಾರೆ. ಮೂಲದಲ್ಲಿ ಇದು ಕಾಮಿಯಾಕಿತೊ ಸತೋಶಿ ಎಂಬವರು ತಾವೇ ಹೋಗಿ ತಂಗಿದ ಹಳೇ ಮನೆಗಳ ಬಗ್ಗೆ ಬರೆದ ಬರಹ. ಅದಕ್ಕೆ ಹರುಕೊ, ಸಕುರಾಬ ಎಂಬ ಪಾತ್ರಗಳನ್ನು ಸೇರಿಸಿ ಕಥೆ ಮಾಡಿದ್ದಾರೆ.

ಹಾಡುಗಾರನ ವಿಷಯ ಇನ್ನೂ ಚೆನ್ನಾಗಿದೆ. ಆ ಪಾತ್ರ ಮಾಡಿದ ತಾಕಾಹಾಶಿ ಕಜುಯ 1988ರಲ್ಲಿ ‘ಒತೊಕೊಗುಮಿ’ ಎಂಬ ರಾಕ್ ತಂಡದ ಹುಡುಗನಾಗಿ ಜಪಾನಿನಲ್ಲೆಲ್ಲ ಹೆಸರು ಮಾಡಿದ್ದವರು. 1993ರಲ್ಲಿ ತಂಡ ನಿಂತುಹೋಯಿತು. ಅವರು ನಟನೆಗೆ ಬಂದರು. ಧಾರಾವಾಹಿಯ ಹಾಡನ್ನು ಅವರೇ ಹಾಡಿದ್ದಾರೆ. ಬೆರಳೆಣಿಕೆ ಜನರ ಮುಂದೆ ಅವರು ಪೂರಾ ದನಿ ಬಿಟ್ಟು ಹಾಡುವಾಗ, ತುಂಬಿದ ಸಭಾಂಗಣ ಹೇಗಿರುತ್ತದೆ ಅಂತ ಗೊತ್ತಿರುವವನು ಹಾಡುತ್ತಿದ್ದಾನೆ ಅಂತ ಕೇಳಿಸುತ್ತದೆ. 2022ರಲ್ಲಿ ಆ ಹಳೇ ತಂಡ ಮತ್ತೆ ಒಂದಾಗಿ ವೇದಿಕೆ ಹತ್ತಿತು. ಧಾರಾವಾಹಿ ಬಂದಾಗ ಇದು ಯಾರಿಗೂ ಗೊತ್ತಿರಲಿಲ್ಲ. ಈಗ ನೋಡುವವರಿಗೆ ಆ ದೃಶ್ಯಗಳು ಇನ್ನೊಂದು ಥರ ತಟ್ಟುತ್ತವೆ. ಹರುಕೊ ಆಗಿರುವ ಫುಕಾಗಾವ ಮೈ ಕೂಡ ‘ನೊಗಿಜಕ 46’ ಎಂಬ ಹಾಡುಗಾರ್ತಿಯರ ದೊಡ್ಡ ತಂಡದಲ್ಲಿದ್ದು, 2016ರಲ್ಲಿ ಹೊರಬಂದವರು.

ಪ್ರಶ್ನೆ: ಜಪಾನಿನವರು ಹಳೆಯದನ್ನು ಚೆನ್ನಾಗಿ ಕಾಪಾಡುತ್ತಾರೆ ಎಂದು ಕೇಳಿದ್ದೇನೆ. ಹಾಗಿದ್ದ ಮೇಲೆ ಇಂಥ ಮನೆಗಳು ಮುಚ್ಚಿಹೋಗುತ್ತಿರುವುದು ಯಾಕೆ?
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಮೇಷ್ಟ್ರೇ, ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ದೇವಸ್ಥಾನ, ಅರಮನೆ ಇದ್ದರೆ ಸರ್ಕಾರ ಕಾಪಾಡುತ್ತದೆ. ಇವು ಹಾಗಲ್ಲ. ಇವು ಅಂಗಡಿ ಇದ್ದಂತೆ, ಗಿರಾಕಿ ಬರಬೇಕು. ಮೊದಲು ಇಲ್ಲಿಗೆ ಬರುತ್ತಿದ್ದವರು ಯಾರು? ಊರೂರು ತಿರುಗುವ ವ್ಯಾಪಾರಿಗಳು. ಉದಾಹರಣೆಗೆ ತೊಯಾಮಾ ಸೀಮೆಯ ಔಷಧಿ ವ್ಯಾಪಾರಿಗಳು. ಅವರು ಮನೆಮನೆಗೆ ಹೋಗಿ ಔಷಧಿ ಪೆಟ್ಟಿಗೆ ಇಟ್ಟು ಬರುತ್ತಿದ್ದರು. ಮುಂದಿನ ಸಲ ಬಂದಾಗ ಎಷ್ಟು ಖರ್ಚಾಗಿದೆ ನೋಡಿ, ಅಷ್ಟಕ್ಕೆ ಮಾತ್ರ ದುಡ್ಡು ತೆಗೆದುಕೊಂಡು, ಪೆಟ್ಟಿಗೆ ಮತ್ತೆ ತುಂಬಿಸುತ್ತಿದ್ದರು. ಇಂಥವರಿಗೆ ಪ್ರತಿ ಊರಲ್ಲೂ ಒಂದು ಗೊತ್ತಿನ ಮನೆ ಬೇಕಿತ್ತು. ಸ್ಟೇಷನ್ ಪಕ್ಕದ ಸಣ್ಣ ವಸತಿಗೃಹಗಳು ನಿಂತಿದ್ದೇ ಇವರ ಮೇಲೆ. 1964ರಲ್ಲಿ ಟೋಕಿಯೊ–ಒಸಾಕಾ ನಡುವೆ ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲು ಬಂತು. ಆಮೇಲೆ ರಸ್ತೆಗಳಾದವು, ಕಾರು ಬಂತು. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ರಾತ್ರಿ ಮನೆಗೆ ಬರುವುದು ಸುಲಭವಾಯಿತು. ಉಳಿಯಲೇಬೇಕಾದವರಿಗೆ ಸ್ಟೇಷನ್ ಎದುರು ಬಿಸಿನೆಸ್ ಹೋಟೆಲ್ ಬಂದವು. ಸ್ವಂತ ಬಾತ್‌ರೂಮು, ಬಾಗಿಲಿಗೆ ಬೀಗ. ಯಾರು ಬೇಡ ಅಂತಾರೆ?

ಬಿಸಿನೀರ ಬುಗ್ಗೆಯ ಊರುಗಳ ಕಥೆ ಬೇರೆ. 1970ರಲ್ಲಿ ಒಸಾಕಾದ ದೊಡ್ಡ ವಸ್ತುಪ್ರದರ್ಶನ ಮುಗಿದ ಮೇಲೆ ರೈಲುಗಳು ಖಾಲಿ ಓಡಬಾರದು ಅಂತ ಜಪಾನ್ ರೈಲ್ವೆ ‘ಡಿಸ್ಕವರ್ ಜಪಾನ್’ ಎಂಬ ಪ್ರಚಾರ ಶುರು ಮಾಡಿತು. ಹಳ್ಳಿಗಾಡಿಗೆ ಹೋಗಿ, ಹಳೇ ಊರು ನೋಡಿ ಅಂತ. ಜನ ಹೋದರು. 1980ರ ದಶಕದಲ್ಲಿ ದುಡ್ಡು ಹರಿಯತೊಡಗಿತು. ಕಂಪನಿಗಳು ತಮ್ಮ ನೌಕರರನ್ನೆಲ್ಲ ಬಸ್ಸುಗಳಲ್ಲಿ ಕರೆದುಕೊಂಡು ಬರುತ್ತಿದ್ದವು. ಕೆಲವು ಮಾಲೀಕರು ಸಾಲ ಮಾಡಿ, ಮರದ ಮನೆ ಒಡೆದು, ಕಾಂಕ್ರೀಟಿನ ದೊಡ್ಡ ಕಟ್ಟಡ ಎಬ್ಬಿಸಿದರು. 1990ರ ದಶಕದಲ್ಲಿ ಆ ದುಡ್ಡು ನಿಂತಿತು, ಬಸ್ಸುಗಳು ನಿಂತವು, ಸಾಲ ಮಾತ್ರ ಉಳಿಯಿತು. ಕಿನುಗಾವದಂಥ ಊರುಗಳಲ್ಲಿ ನದಿಯ ದಂಡೆಯುದ್ದಕ್ಕೂ ಪಾಳುಬಿದ್ದ ಹೋಟೆಲುಗಳು ಸಾಲಾಗಿ ನಿಂತಿವೆ. ಸಾಲ ಮಾಡದೆ ಹಳೇ ಮನೆಯಲ್ಲೇ ಉಳಿದವರಲ್ಲಿ ಹಲವರು ಇನ್ನೂ ಬದುಕಿದ್ದಾರೆ. ಧಾರಾವಾಹಿಯಲ್ಲಿ ನೀವು ನೋಡುವುದು ಅಂಥವರನ್ನು.

ಒಟ್ಟು ಲೆಕ್ಕ ಕೇಳಿದರೆ, 1980ರ ಸುಮಾರಿಗೆ ಜಪಾನಿನಲ್ಲಿ 80 ಸಾವಿರಕ್ಕೂ ಮಿಕ್ಕಿ ರ್ಯೋಕಾನ್‌ಗಳಿದ್ದವು. 2017ರ ಹೊತ್ತಿಗೆ 40 ಸಾವಿರವೂ ಉಳಿದಿರಲಿಲ್ಲ. ಆಮೇಲೆ ಕೊರೊನಾ ಬೇರೆ ಬಂತು.

ಕೊನೇ ಕಾರಣ ಎಲ್ಲಕ್ಕಿಂತ ದೊಡ್ಡದು. ಮುಂದೆ ನಡೆಸುವವರಿಲ್ಲ. ಮನೆಯ ಯಜಮಾನಿಗೆ ‘ಒಕಾಮಿ’ ಅನ್ನುತ್ತಾರೆ. ಬೆಳಿಗ್ಗೆ ಗಿರಾಕಿಗಿಂತ ಮುಂಚೆ ಏಳಬೇಕು, ರಾತ್ರಿ ಎಲ್ಲರೂ ಮಲಗಿದ ಮೇಲೆ ಮಲಗಬೇಕು. ಅತ್ತೆಯಿಂದ ಸೊಸೆಗೆ ಬರುತ್ತಿದ್ದ ಕೆಲಸ ಅದು. ಮಗ ಟೋಕಿಯೊದಲ್ಲಿ ಕೆಲಸಕ್ಕಿದ್ದರೆ, ಸೊಸೆ ಅಲ್ಲಿಂದ ಎದ್ದು ಬರಬೇಕು ಅಂತ ಹೇಳುವ ಹಕ್ಕು ಯಾರಿಗಿದೆ? ಹಿಂದೆ ಗಂಡುಮಕ್ಕಳಿಲ್ಲದವರು ಅಳಿಯನನ್ನೇ ದತ್ತು ತೆಗೆದುಕೊಂಡು ಮನೆತನ ಮುಂದುವರಿಸುತ್ತಿದ್ದರು. ಯಾಮಾನಾಶಿ ಸೀಮೆಯ ನಿಶಿಯಾಮಾ ಒನ್ಸೆನ್ ಕೇಉನ್‌ಕಾನ್ ಎಂಬ ರ್ಯೋಕಾನ್ ಕ್ರಿ.ಶ. 705ರಲ್ಲಿ ಶುರುವಾಗಿದ್ದು (ಒನ್ಸೆನ್ ಅಂದರೆ ಬಿಸಿನೀರ ಬುಗ್ಗೆ). ಜಗತ್ತಿನಲ್ಲೇ ಅತ್ಯಂತ ಹಳೆಯ ಹೋಟೆಲ್ ಅಂತ ಗಿನ್ನೆಸ್ ದಾಖಲೆಯಲ್ಲಿದೆ. ಅಷ್ಟು ಹೆಸರಿರುವ ಮನೆಗೆ ನಡೆಸುವವರು ಸಿಗುತ್ತಾರೆ. ಆರು ಕೋಣೆಯ ಮನೆಗೆ ಸಿಗುವುದಿಲ್ಲ.

ಪ್ರಶ್ನೆ: ಆಫೀಸ್ ಕೆಲಸಕ್ಕೆ ನವೆಂಬರಿನಲ್ಲಿ ಜಪಾನಿಗೆ ಹೊರಟಿದ್ದೇನೆ. ಶನಿವಾರ, ಭಾನುವಾರ ಬಿಡುವಿದೆ. ಇಂಥ ಕಡೆ ಉಳಿಯಬೇಕೆಂದರೆ ಏನೇನು ತಿಳಿದಿರಬೇಕು? ಸ್ನಾನದ ವಿಷಯ ಕೇಳಿ ಸ್ವಲ್ಪ ಹೆದರಿಕೆ ಇದೆ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಖಂಡಿತ ಹೋಗಿ. ಒಳ್ಳೆ ಕಾಲ, ಎಲೆ ಕೆಂಪಾಗಿರುತ್ತದೆ. ಆದರೆ ಶನಿವಾರ ರಾತ್ರಿ ಕೋಣೆ ಬೇಗ ಭರ್ತಿ ಆಗುತ್ತದೆ, ಈಗಲೇ ನೋಡಿಕೊಳ್ಳಿ.

ದರ ಕೋಣೆಗಲ್ಲ, ತಲೆಗೆ. ಎರಡು ಊಟ ಸೇರಿದ ದರ ಒಂದು, ಬರೀ ಮಲಗುವ ದರ ಇನ್ನೊಂದು. ಬರೀ ಮಲಗುವುದಕ್ಕೆ ‘ಸುದೊಮಾರಿ’ ಅನ್ನುತ್ತಾರೆ. ಸಾಧಾರಣ ಹಳೇ ಮನೆಯಲ್ಲಿ ಅದು 5 ಸಾವಿರ ಯೆನ್ ಆಸುಪಾಸು, ಊಟ ಸೇರಿದರೆ 10 ಸಾವಿರದ ಆಸುಪಾಸು ಅಂತ ಇಟ್ಟುಕೊಳ್ಳಿ. ಬಿಸಿನೀರ ಬುಗ್ಗೆ ಇದ್ದರೆ ಸ್ನಾನದ ತೆರಿಗೆ ಅಂತ ಮೇಲೆ ಸಾಮಾನ್ಯವಾಗಿ 150 ಯೆನ್. ನಗದು ಇಟ್ಟುಕೊಂಡಿರಿ. ಕಾರ್ಡು ತೆಗೆದುಕೊಳ್ಳದ ಮನೆಗಳು ಬಹಳ.

ಊಟಕ್ಕೆ ಹೇಳಿದ್ದರೆ ಸಂಜೆ 5ರೊಳಗೆ ತಲುಪಿಬಿಡಿ. ರಾತ್ರಿ ಊಟ 6 ಗಂಟೆಗೆಲ್ಲ ಬಡಿಸುತ್ತಾರೆ. ತಡವಾದರೆ ಫೋನ್ ಮಾಡಲೇಬೇಕು. ನಿಮ್ಮೊಬ್ಬರಿಗೋಸ್ಕರ ಮೀನು ಒಲೆ ಮೇಲೆ ಇಟ್ಟು ಕಾಯುತ್ತಿರುತ್ತಾರೆ.

ಬಾಗಿಲಲ್ಲಿ ಶೂ ಬಿಟ್ಟು ಚಪ್ಪಲಿ ಹಾಕಿಕೊಳ್ಳುತ್ತೀರಿ. ಕೋಣೆಯ ತತಾಮಿ ಚಾಪೆ ಮೇಲೆ ಆ ಚಪ್ಪಲಿಯೂ ಬೇಡ. ಶೌಚಾಲಯಕ್ಕೆ ಬೇರೆ ಚಪ್ಪಲಿ, ಅದನ್ನು ಅಲ್ಲೇ ಬಿಟ್ಟು ಬನ್ನಿ. ಕೋಣೆಯ ಅಳತೆಯನ್ನು ಚಾಪೆಗಳ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚಾಪೆ ಹೆಚ್ಚುಕಮ್ಮಿ ಆರಡಿ ಉದ್ದ, ಮೂರಡಿ ಅಗಲ. ಆರು ಚಾಪೆ ಕೋಣೆ ಒಬ್ಬರಿಗೆ ಧಾರಾಳ. ಹಾಕಿಕೊಳ್ಳಲು ಯುಕಾತ ಎಂಬ ತೆಳು ನಿಲುವಂಗಿ ಕೊಟ್ಟಿರುತ್ತಾರೆ. ಎಡಗಡೆಯ ಅಂಚು ಮೇಲೆ ಬರಬೇಕು. ಬಲಗಡೆ ಮೇಲೆ ಬರುವಂತೆ ಉಡಿಸುವುದು ಹೆಣಕ್ಕೆ. ಹಾಗೆ ಉಟ್ಟುಕೊಂಡು ಬಂದರೆ ಅಜ್ಜಿಯರು ಓಡಿಬಂದು ಸರಿಮಾಡುತ್ತಾರೆ.

ಕಿಟಕಿ ಪಕ್ಕ, ಚಾಪೆ ಮುಗಿದ ಮೇಲೆ ಹಲಗೆ ಹಾಸಿದ ಒಂದು ಕಿರಿದಾದ ಜಾಗ ಇರುತ್ತದೆ. ಎರಡು ಕುರ್ಚಿ, ನಡುವೆ ಒಂದು ಪುಟ್ಟ ಮೇಜು. ಹೊರಗೆ ಹೊಳೆಯೋ, ರಸ್ತೆಯೋ, ಪಕ್ಕದ ಮನೆ ಗೋಡೆಯೋ ಏನೋ ಒಂದು. ನನ್ನ ಮಟ್ಟಿಗೆ ಇಡೀ ಮನೆಯಲ್ಲಿ ಒಳ್ಳೇ ಜಾಗ ಅದೇ. ಹೋದ ಕೂಡಲೇ ಮೇಜಿನ ಮೇಲೆ ಇಟ್ಟಿರುವ ಸಿಹಿ ತಿಂದು, ಚಹಾ ಕುಡಿದು, ಅಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತುಕೊಳ್ಳಿ. ಆ ಸಿಹಿ ಇಟ್ಟಿರುವುದು ಬರೀ ಉಪಚಾರಕ್ಕಲ್ಲ. ಖಾಲಿ ಹೊಟ್ಟೆಯಲ್ಲಿ ಬಿಸಿನೀರಿಗೆ ಇಳಿದರೆ ತಲೆಸುತ್ತು ಬರಬಹುದು ಅಂತಲೂ.

ಇನ್ನು ಸ್ನಾನ. ಗಂಡಸರಿಗೆ, ಹೆಂಗಸರಿಗೆ ಸಾಮಾನ್ಯವಾಗಿ ಬೇರೆ ಬೇರೆ. ಒಳಗೆ ಬಟ್ಟೆ ಇಲ್ಲ, ನಿಜ. ಆದರೆ ಯಾರೂ ಯಾರನ್ನೂ ನೋಡುವುದಿಲ್ಲ. ಮೊದಲು ಪುಟ್ಟ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಳ್ಳಬೇಕು. ಒಂದು ಚೂರು ನೊರೆಯೂ ಉಳಿಯಬಾರದು. ಆಮೇಲೆ ತೊಟ್ಟಿಗೆ ಇಳಿಯಬೇಕು. ತೊಟ್ಟಿಯ ನೀರು ಎಲ್ಲರದ್ದು, ಅಲ್ಲಿ ಮೈ ಉಜ್ಜುವ ಹಾಗಿಲ್ಲ. ಟವೆಲನ್ನು ನೀರಿಗೆ ಅದ್ದಬಾರದು, ಮಡಿಸಿ ತಲೆ ಮೇಲೆ ಇಟ್ಟುಕೊಳ್ಳುತ್ತಾರೆ. ಮೈ ಮೇಲೆ ಹಚ್ಚೆ ಇದ್ದರೆ ಮೊದಲೇ ಕೇಳಿ. ಸಣ್ಣ ಮನೆಗಳಲ್ಲಿ ಹೊತ್ತು ಗೊತ್ತುಮಾಡಿಕೊಂಡು ಒಬ್ಬರೇ ಸ್ನಾನ ಮಾಡಲು ಬಿಡುವುದೂ ಉಂಟು. ನಾಚಿಕೆ ಇದ್ದವರು ಅದನ್ನು ಕೇಳಿದರೆ ತಪ್ಪೇನಿಲ್ಲ.

ಅಲ್ಲಿ ಹಳದಿ ಬಣ್ಣದ ಪ್ಲಾಸ್ಟಿಕ್ ಬೋಗುಣಿ ಕಂಡರೆ ತಳ ನೋಡಿ. ‘ಕೆರೊರಿನ್’ ಅಂತ ಕೆಂಪು ಅಕ್ಷರದಲ್ಲಿ ಬರೆದಿರುತ್ತದೆ. ಅದು ತಲೆನೋವಿನ ಔಷಧಿಯ ಜಾಹೀರಾತು. 1963ರಲ್ಲಿ ಶುರುವಾಗಿದ್ದು. ತಯಾರಿಸುವ ಕಂಪನಿ ಯಾವ ಊರಿನದು ಗೊತ್ತಾ? ಸಾಗರದ ಮೇಷ್ಟ್ರಿಗೆ ಹೇಳಿದೆನಲ್ಲ, ಮನೆಮನೆಗೆ ಔಷಧಿ ಪೆಟ್ಟಿಗೆ ಇಡುತ್ತಿದ್ದ ಅದೇ ತೊಯಾಮಾ. ಆ ಬೋಗುಣಿ ಎಷ್ಟು ಗಟ್ಟಿ ಅಂದರೆ, ನೆಲಕ್ಕೆ ಕುಕ್ಕಿದರೂ ಒಡೆಯುವುದಿಲ್ಲ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಈರುಳ್ಳಿ, ಬೆಳ್ಳುಳ್ಳಿ ಪರವಾಗಿಲ್ಲ. ನಮಗೆ ಅಲ್ಲಿ ಊಟ ಸಿಗುತ್ತದೆಯೇ, ಇಲ್ಲವೇ? ನಿಜ ಹೇಳಿ.
— ಓದುಗ ದಂಪತಿ, ಮೈಸೂರು

ಉತ್ತರ: ನಿಜ ಹೇಳುತ್ತೇನೆ. ಮಾಮೂಲಿ ರ್ಯೋಕಾನ್ ಊಟದಲ್ಲಿ ನಿಮಗೆ ಸಿಗುವುದು ಅನ್ನ, ಉಪ್ಪಿನಕಾಯಿ ಅಷ್ಟೇ. ಮೀನು, ಮಾಂಸ ತೆಗೆದರೂ ‘ದಾಶಿ’ ಉಳಿಯುತ್ತದೆ. ಒಣ ಮೀನು ಕುದಿಸಿ ತೆಗೆದ ಸಾರು ಅದು. ಮಿಸೊ ಸೂಪಿನಲ್ಲಿ, ಬೇಯಿಸಿದ ತರಕಾರಿಯಲ್ಲಿ, ತೋಫು ಮೇಲಿನ ರಸದಲ್ಲಿ, ಎಲ್ಲದರಲ್ಲೂ ಇರುತ್ತದೆ. ನಾವು ಸಸ್ಯಾಹಾರಿ ಅಂದರೆ ಸಾಲದು, ದಾಶಿಯೂ ಬೇಡ ಅಂತ ಕೆಲವು ದಿನ ಮೊದಲೇ ಬರೆದು ತಿಳಿಸಬೇಕು. ಸಣ್ಣ ಮನೆಯವರು ಆಗಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅಡುಗೆಗೆ ಒಬ್ಬರೇ ಇರುತ್ತಾರೆ.

ದಾರಿ ಎರಡಿವೆ. ಒಂದು, ದೇವಾಲಯದ ವಸತಿ. ವಕಾಯಾಮಾದ ಕೋಯಾ ಬೆಟ್ಟದ ಮೇಲೆ ಸುಮಾರು 50 ಬೌದ್ಧ ದೇವಾಲಯಗಳು ಯಾತ್ರಿಕರನ್ನು ಉಳಿಸಿಕೊಳ್ಳುತ್ತವೆ. ಊಟ ಸನ್ಯಾಸಿಗಳ ಪದ್ಧತಿಯದು, ಸಾರಿಗೆ ಕಡಲ ಪಾಚಿ, ಅಣಬೆ. ಎಳ್ಳಿನಿಂದ ಮಾಡುವ ತೋಫು ಅಲ್ಲಿಯ ವಿಶೇಷ. ನಿಮಗೆ ಒಗ್ಗುತ್ತದೆ.

ಎರಡನೆಯದು ನನಗೆ ತುಂಬಾ ಇಷ್ಟವಾದದ್ದು, ನಾವೇ ಬೇಯಿಸಿಕೊಳ್ಳುವ ಮನೆ. ಈಶಾನ್ಯದ ಮಿಯಾಗಿ ಸೀಮೆಯಲ್ಲಿ ನರುಕೊ ಅಂತ ಬಿಸಿನೀರ ಬುಗ್ಗೆಯ ಊರಿದೆ. ಶಿಂಕಾನ್‌ಸೆನ್‌ನಲ್ಲಿ ಫುರುಕಾವ ತನಕ ಹೋಗಿ, ಅಲ್ಲಿಂದ ಸಣ್ಣ ರೈಲಿನಲ್ಲಿ ಮುಕ್ಕಾಲು ಗಂಟೆ. ಕೊಕೆಶಿ ಎಂಬ ಮರದ ಬೊಂಬೆಗೆ ಹೆಸರಾದ ಊರು. ನರುಕೊ ಬೊಂಬೆಯ ತಲೆ ತಿರುಗಿಸಿದರೆ ಕಿರ್ ಅನ್ನುತ್ತದೆ. ಸುತ್ತಲಿನ ಭತ್ತದ ರೈತರು ನಾಟಿ ಮುಗಿಸಿ, ಕೊಯ್ಲು ಮುಗಿಸಿ, ಅಕ್ಕಿ ತರಕಾರಿ ಹೊತ್ತುಕೊಂಡು ಇಲ್ಲಿಗೆ ಬಂದು ವಾರಗಟ್ಟಲೆ ಇರುತ್ತಿದ್ದರು. ಬೆನ್ನು, ಮೊಣಕಾಲು ನೀರಿನಲ್ಲಿ ಸಡಿಲ ಮಾಡಿಕೊಳ್ಳಲು. ಅವರಿಗಾಗಿ ಇದ್ದ ಅಡುಗೆಮನೆ ಈಗಲೂ ಕೆಲವು ಕಡೆ ಇದೆ.

ನಾನು ಉಳಿದಿದ್ದ ಮನೆಯಲ್ಲಿ ಅಡುಗೆಮನೆ ಮಹಡಿ ಮೆಟ್ಟಿಲ ಕೆಳಗಿತ್ತು. ಸವೆದ ಸ್ಟೀಲ್ ಸಿಂಕು, ಉದ್ದ ಕಟ್ಟೆ, ಅದರ ಮೇಲೆ ಗ್ಯಾಸ್ ಒಲೆಗಳು. ಒಲೆಗೆ ಒಂದು ಕಬ್ಬಿಣದ ಡಬ್ಬಿ ಜೋಡಿಸಿದ್ದರು. ಅದರ ಸೀಳಿನಲ್ಲಿ 10 ಯೆನ್ ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಕೆಲವು ನಿಮಿಷ ಗ್ಯಾಸ್ ಬರುತ್ತದೆ. ಬೆಂಗಳೂರಿನಿಂದ ತಂದ ಅವಲಕ್ಕಿ ಇತ್ತು. ಒಗ್ಗರಣೆಗೆ ಸಾಸಿವೆ ಹಾಕಿದೆ. ಸಾಸಿವೆ ಸಿಡಿಯತೊಡಗಿದ್ದೇ ತಡ, ಅಕ್ಕಪಕ್ಕದ ಅಜ್ಜಿಯರೆಲ್ಲ ಸೌಟು ಬಿಟ್ಟು ನೋಡಲು ಬಂದರು. ಕಡಲೆಬೇಳೆ ಕೆಂಪಾಗುವ ಹೊತ್ತಿಗೆ ಉರಿ ನಿಂತಿತು. ನಾಣ್ಯ ನನ್ನ ಕೋಣೆಯಲ್ಲಿತ್ತು. ಮೂಲಂಗಿ ಹೆಚ್ಚುತ್ತಿದ್ದ ಒಬ್ಬ ಅಜ್ಜಿ ಏಪ್ರನ್ ಜೇಬಿನಿಂದ ನಾಣ್ಯ ತೆಗೆದು ಡಬ್ಬಿಗೆ ಹಾಕಿ, ಹಿಡಿ ತಿರುಗಿಸಿ, ಒಂದು ಮಾತೂ ಆಡದೆ ಮತ್ತೆ ಮೂಲಂಗಿಗೆ ಹೋದರು. ಅವಲಕ್ಕಿ ಎಲ್ಲರಿಗೂ ಒಂದೊಂದು ಮುಷ್ಟಿ ಆಯಿತು. ಅವರ ಉಪ್ಪಿನಲ್ಲಿ ಹಾಕಿದ ಮೂಲಂಗಿ ನನ್ನ ತಟ್ಟೆಗೆ ಬಂತು. ನೀವು ದಂಪತಿ ಒಂದು ಚೀಲದಲ್ಲಿ ಅವಲಕ್ಕಿ, ರವೆ, ಸಾರಿನ ಪುಡಿ ಹಾಕಿಕೊಂಡು ಇಂಥ ಮನೆಗೆ ಹೋಗಿ. ಅಕ್ಕಿ, ತರಕಾರಿ, ತೋಫು ಅಲ್ಲೇ ಅಂಗಡಿಯಲ್ಲಿ ಸಿಗುತ್ತದೆ.

ಪ್ರಶ್ನೆ: ‘ಒಶಿನ್’ ನೋಡಿ ಅತ್ತವಳು ನಾನು. ಇದೂ ಆ ಥರದ್ದೇನಾ? ಊರೂರು ಸುತ್ತುವ ಕಥೆ ಜಪಾನಿನಲ್ಲಿ ಬೇರೆ ಯಾವುದಿದೆ?
— ಹಿರಿಯ ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲ ಅಮ್ಮಾ. 1983ರಲ್ಲಿ ಶುರುವಾದ ‘ಒಶಿನ್’ ಧಾರಾವಾಹಿ ಹಸಿವಿನ ಕಥೆ. ಇದು ನೆನಪಿನ ಕಥೆ. ಆದರೆ ಒಂದು ನಂಟಿದೆ. ಒಶಿನ್ ತಾಯಿ ಕೆಲಸಕ್ಕೆ ಹೋಗುವ ಬಿಸಿನೀರ ಬುಗ್ಗೆಯ ಊರು ನೆನಪಿದೆಯಾ? ಅದು ಯಾಮಾಗತದ ಗಿಂಜಾನ್ ಒನ್ಸೆನ್. ಹೊಳೆಯ ಎರಡೂ ಕಡೆ ಮರದ ರ್ಯೋಕಾನ್‌ಗಳಿರುವ ಆ ಬೀದಿಗೆ, ‘ಒಶಿನ್’ ನೋಡಿದ ಜನ ದಂಡುದಂಡಾಗಿ ಬಂದರು. ಈಗ ಚಳಿಗಾಲದಲ್ಲಿ ಕೋಣೆ ಸಿಗುವುದೇ ಕಷ್ಟ. ಒಂದು ಧಾರಾವಾಹಿ ಒಂದು ಬೀದಿಯನ್ನು ಉಳಿಸಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸುತ್ತಾಟದ ಕಥೆ ಬೇಕಿದ್ದರೆ ‘ಓತೊಕೊ ವ ತ್ಸುರಾಯ್ ಯೊ’. ಜಾತ್ರೆಯಿಂದ ಜಾತ್ರೆಗೆ ಹೋಗಿ ಸಾಮಾನು ಮಾರುವ ತೊರಾ–ಸಾನ್‌ನ ಕಥೆ. ಸಿನಿಮಾ ಆಗಿಯೇ ಎಲ್ಲರಿಗೂ ಗೊತ್ತು. ಮೊದಲು ಬಂದಿದ್ದು 1968ರಲ್ಲಿ ಫುಜಿ ಟಿವಿಯ ಧಾರಾವಾಹಿಯಾಗಿ. ಕೊನೇ ಕಂತಿನಲ್ಲಿ ತೊರಾ–ಸಾನ್ ಹಾವು ಕಚ್ಚಿ ಸಾಯುತ್ತಾನೆ. ಜನ ಸುಮ್ಮನಿರಲಿಲ್ಲ, ವಾಹಿನಿಗೆ ಫೋನ್ ಮೇಲೆ ಫೋನ್ ಮಾಡಿ ಜಗಳಾಡಿದರು. ಹಾಗಾಗಿ 1969ರಲ್ಲಿ ಅವನನ್ನು ಸಿನಿಮಾದಲ್ಲಿ ಬದುಕಿಸಿದರು. ಆ ಪಾತ್ರ ಮಾಡುತ್ತಿದ್ದ ಅತ್ಸುಮಿ ಕಿಯೋಶಿ 1996ರಲ್ಲಿ ತೀರಿಕೊಳ್ಳುವ ತನಕ 48 ಸಿನಿಮಾ ಆದವು. ಅವನೂ ಉಳಿಯುವುದು ಅಗ್ಗದ ಹಳೇ ಮನೆಗಳಲ್ಲೇ. ನೀವು ಅತ್ತಿದ್ದು ಸಾಕು, ಇದನ್ನು ನೋಡಿ ನಗಿ.

ಪ್ರಶ್ನೆ: ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡಿ. ಬೇರೆಯವರ ಹಳೇ ಮನೆ, ಸೋರುವ ಮಾಡು ನೋಡಿ ‘ಎಷ್ಟು ಚೆಂದ’ ಅನ್ನೋದು ಸರಿಯಾ? ಅಲ್ಲಿ ಇರುವವರಿಗೆ ಅದು ಚೆಂದ ಅನಿಸುತ್ತಾ?
— ಓದುಗರು, ಕುಂದಾಪುರ

ಉತ್ತರ: ಸಿಟ್ಟು ಯಾಕೆ? ಈ ಸಲದ ಪತ್ರಗಳಲ್ಲಿ ಇದೇ ಒಳ್ಳೇ ಪ್ರಶ್ನೆ.

ಪಾಳುಬಿದ್ದ ಕಟ್ಟಡಕ್ಕೆ ನುಗ್ಗಿ ಫೋಟೋ ತೆಗೆಯುವವರು ಜಪಾನಿನಲ್ಲೂ ಇದ್ದಾರೆ. ಅದು ನನಗೆ ಹಿಡಿಸುವುದಿಲ್ಲ. ಈ ಧಾರಾವಾಹಿ ಅಲ್ಲಿಗೆ ಹೋಗುವುದಿಲ್ಲ. ಹೋಗುವುದು ಬಾಗಿಲು ತೆರೆದಿರುವ ಮನೆಗೆ. ನಿಜವಾದ ಮನೆಗಳನ್ನೇ ತೋರಿಸುತ್ತದೆ, ಬೇಕಾದವರು ಹುಡುಕಿಕೊಂಡು ಹೋಗಬಹುದು. ಹೆಸರಿನಲ್ಲಿ ‘ಬೊರೊ’ ಅಂತ ಇದೆ, ಅಂದರೆ ಹರಿದ, ಸವೆದ. ಆದರೆ ಇತಿಹಾಸವಿರುವ ಮನೆಯಿಂದ ಹಿಡಿದು ತೀರಾ ಅಗ್ಗದ ಮನೆಯವರೆಗೆ ಎಲ್ಲವನ್ನೂ ಪ್ರೀತಿಯಿಂದಲೇ ಹಾಗೆ ಕರೆಯುತ್ತೇವೆ ಅಂತ ಶುರುವಿನಲ್ಲೇ ಸ್ಪಷ್ಟ ಮಾಡುತ್ತದೆ.

ಆದರೂ ನಿಮ್ಮ ಮಾತಿನಲ್ಲಿ ಸತ್ಯ ಇದೆ. ಆ ನೆಲ ಕನ್ನಡಿಯಂತೆ ಹೊಳೆಯುವುದು ಯಾರೋ ದಿನಾ ಮಂಡಿಯೂರಿ ಒರೆಸುವುದರಿಂದ. ಆ ಕೆಲಸವನ್ನು ಧಾರಾವಾಹಿ ಇನ್ನೂ ಹೆಚ್ಚು ತೋರಿಸಬೇಕಿತ್ತು ಅಂತ ನನಗೂ ಅನಿಸಿದೆ. ಒಬ್ಬ ಒಕಾಮಿಯನ್ನು ನಾನು ನೇರವಾಗಿ ಕೇಳಿದ್ದೆ, ಮನೆ ಹಳೆಯದು ಅಂತ ಜನ ಬರುವುದು ನಿಮಗೆ ಹೇಗನಿಸುತ್ತದೆ ಅಂತ. ಹಳೆಯದು ಅಂತ ಬಂದರೂ ಸರಿ, ಅಗ್ಗ ಅಂತ ಬಂದರೂ ಸರಿ, ಮಳೆ ಬಂತು ಅಂತ ಬಂದರೂ ಸರಿ, ಬಂದವರಿಗೆ ಅನ್ನ ಒಂದೇ ಅಂದರು. ಮಾಡು ರಿಪೇರಿಗೆ ದುಡ್ಡು ಕೂಡಿಸುತ್ತಿದ್ದೇನೆ ಅಂತಲೂ ಹೇಳಿದರು. ಅವರಿಗೆ ಸೋರುವ ಮಾಡು ಚೆಂದ ಅಲ್ಲ. ತುಂಬಿದ ಕೋಣೆ ಚೆಂದ.

ಪ್ರಶ್ನೆ: ಕೊಡಗಿನ ಹತ್ರ ನಮ್ಮ ಹಳೇ ತೊಟ್ಟಿಮನೆಯಲ್ಲಿ ಹೋಂಸ್ಟೇ ಮಾಡಬೇಕು ಅಂತಿದ್ದೇವೆ. ಈ ಜಪಾನಿನವರಿಂದ ನಾವು ಕಲಿಯುವಂಥದ್ದು ಏನಾದರೂ ಇದೆಯಾ?
— ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಒಂದೇ ಹೇಳುತ್ತೇನೆ. ಸಾಲ ಮಾಡಿ ಕೋಣೆ ಹೆಚ್ಚಿಸಬೇಡಿ. ನಿಮ್ಮ ಮನೆಯವರ ಕೈಯಲ್ಲಿ ಎಷ್ಟು ಜನರಿಗೆ ಬಿಸಿ ಊಟ ಬಡಿಸಲು ಆಗುತ್ತದೋ ಅಷ್ಟೇ ಕೋಣೆ ಇಟ್ಟುಕೊಳ್ಳಿ. ಶೌಚಾಲಯ ಮಾತ್ರ ಹೊಸದು ಹಾಕಿಸಿ, ಅದರಲ್ಲಿ ಹಳೇತನ ಯಾರಿಗೂ ಬೇಡ.

ಪ್ರಶ್ನೆ: ಅಂಥ ಮನೆಗೆ ಹೋದರೆ ಟಿಪ್ಸ್ ಕೊಡಬೇಕಾ? ಏನಾದರೂ ತೆಗೆದುಕೊಂಡು ಹೋಗಬೇಕಾ?
— ಓದುಗರು, ದಾವಣಗೆರೆ

ಉತ್ತರ: ಟಿಪ್ಸ್ ಪದ್ಧತಿ ಇಲ್ಲ. ಮೇಜಿನ ಮೇಲೆ ದುಡ್ಡು ಬಿಟ್ಟು ಬಂದರೆ, ಮರೆತಿದ್ದೀರಿ ಅಂತ ರಸ್ತೆಗೆ ಓಡಿಬಂದು ಕೊಡುತ್ತಾರೆ. ಊರಿನಿಂದ ಏನಾದರೂ ತಿನ್ನುವ ವಸ್ತು ಒಯ್ಯಿರಿ. ಚಿಕ್ಕ ಪೊಟ್ಟಣ ಸಾಕು, ಎರಡೂ ಕೈಯಲ್ಲಿ ಕೊಡಿ. ಬಹಳ ಸಿಹಿ, ಬಹಳ ಖಾರ ಬೇಡ. ನಾನು ಕಾಫಿ ಪುಡಿ, ಇಲ್ಲವೇ ಉಪ್ಪು ಹಾಕಿ ಹುರಿದ ಗೋಡಂಬಿ ಒಯ್ಯುತ್ತಿದ್ದೆ. ಕೆಲವು ಮನೆಗಳಲ್ಲಿ ಬಂದವರು ಬರೆಯಲು ಒಂದು ನೋಟ್‌ಬುಕ್ ಇಟ್ಟಿರುತ್ತಾರೆ. ಕನ್ನಡದಲ್ಲೇ ಬರೆಯಿರಿ. ಕೆಳಗೆ ದಾವಣಗೆರೆ ಅಂತ ಇಂಗ್ಲಿಷಿನಲ್ಲೂ ಹಾಕಿ, ಒಕಾಮಿ ಆಮೇಲೆ ಮ್ಯಾಪಿನಲ್ಲಿ ಹುಡುಕುತ್ತಾರೆ.